ಎಪ್ಪತ್ತಾರನೆಯ ಅಂಕಿಯ ನೀರು

ಒಬ್ಬೊಬ್ಬರ ಜಂಬ ಒಂದೊಂದು ಕಡೆ ಇರುತ್ತದೆ. ಕೆಲವರದು ಮೀಸೆಯಲ್ಲಿ, ಕೆಲವರದು ಬುಲೆಟ್ ಗಾಡಿಯಲ್ಲಿ, ತಮಿಳು ಸೀಮೆಯ ನಮ್ಮ ಚಿನ್ನಮನೂರಿನ ಕಡೆಯವರದು ಬಾಳೆಗೊನೆಯ ತೂಕದಲ್ಲಿ. ನನ್ನದು ದಶಮಾಂಶ ಬಿಂದುವಿನ ಬಲಗಡೆ ಇದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ನನ್ನ ಮರ್ಯಾದೆ ಹೇಗೆ ಹೋಯಿತೆಂದು ನಿಮಗೆ ತಿಳಿಯುವುದಿಲ್ಲ. ನಾನು ಕಂಪ್ಯೂಟರಿಗೆ ಸಂಖ್ಯೆಗಳನ್ನು ಮಾಡಿಕೊಡುವವನು. ಸಂಖ್ಯೆಗಳು ಮೊದಲೇ ಇವೆಯಲ್ಲ, ನೀವು ಮಾಡುವುದೇನು ಎಂದು ಹೆಣ್ಣು ನೋಡಲು ಹೋದಾಗ ಗೂಡಲೂರಿನ ಮಾವನವರೂ ಕೇಳಿದ್ದರು. ಇವೆ, ನಿಜ, ಕಂಪ್ಯೂಟರಿನೊಳಗೆ ಮಾತ್ರ ಸರಿಯಾಗಿ ಇಲ್ಲ. ಅದು ಎಲ್ಲವನ್ನೂ ಎರಡೆರಡಾಗಿ ಎಣಿಸುವ ಪ್ರಾಣಿ. ಹತ್ತರಲ್ಲಿ ಒಂದು ಭಾಗ ಎಂದರೆ ಅದರಲ್ಲಿ ಪೂರ್ತಿ ಹಿಡಿಯುವುದಿಲ್ಲ, ಸುಮಾರಾಗಿ ಇಟ್ಟುಕೊಂಡು ಗಟ್ಟಿಯಾಗಿ ಸುಳ್ಳು ಹೇಳುತ್ತದೆ. ಸೊನ್ನೆ ಬಿಂದು ಒಂದಕ್ಕೆ ಸೊನ್ನೆ ಬಿಂದು ಎರಡು ಕೂಡಿಸು ಎಂದರೆ ಸೊನ್ನೆ ಬಿಂದು ಮೂರು ಬರೆದು, ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದು ನಾಲ್ಕನ್ನು ಅಂಟಿಸಿಕೊಂಡು ಬರುತ್ತದೆ. ಈ ಸುಳ್ಳು ಆಗದವರಿಗಾಗಿ, ಬಿಂದುವನ್ನು ಒಂದೇ ಜಾಗದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ನಮ್ಮ ನಿಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ನಡೆಯುವ ಸಂಖ್ಯೆಗಳನ್ನು ಬರೆದಿಡುವುದು ನನ್ನ ಉದ್ಯೋಗ. ಬೇರೆ ಪ್ರೋಗ್ರಾಮಿನವರು ಅವನ್ನು ಎತ್ತಿಕೊಂಡು ಬಳಸುತ್ತಾರೆ. ಹೋದ ವರ್ಷ ನಾನು ಅವನ್ನು ಎಪ್ಪತ್ತಾರು ಅಂಕಿಯಷ್ಟು ಅಗಲ ಮಾಡಿದೆ. ಅಲ್ಲಿಂದ ನನ್ನ ನಡಿಗೆಯೇ ಬದಲಾಯಿತು ಎಂದು ಹೆಂಡತಿ ಹೇಳುತ್ತಾಳೆ.

ಈ ಸಾಹಸವನ್ನು ಮೊದಲು ಅವ್ವನಿಗೆ ಹೇಳಿದೆ. ನಮ್ಮ ಮನೆಯ ಕನ್ನಡ ತಲೆಮಾರುಗಳಿಂದ ತಮಿಳಿನ ಪಕ್ಕದಲ್ಲೇ ಮಲಗಿ ಎದ್ದ ಕನ್ನಡ, ಅದರಲ್ಲಿ ದಶಮಾಂಶಕ್ಕೆ ಮಾತೇ ಇಲ್ಲ. ಹೇಗೋ ತಿಳಿಸಿದೆ. "ಎಪ್ಪತ್ತಾರು ಅಂಕಿ ಅಂದ್ರೆ ಎಷ್ಟು ತಂಬಿ?" ಎಂದಳು; ನಮ್ಮಲ್ಲಿ ಮಗನೂ ತಂಬಿಯೇ. "ಭೂಮಿ ಮೇಲಿನ ಮರಳೆಲ್ಲ ಎಣಿಸ್ಬೋದವ್ವ, ಆಮೇಲೂ ಜಾಗ ಮಿಗ್ತದೆ" ಎಂದೆ. ಅವ್ವ ಹುರುಳಿ ಕೇರುತ್ತಿದ್ದ ಮೊರವನ್ನು ನಿಲ್ಲಿಸಿ, "ಎಣ್ಸು ಅಂತ ಯಾರ್ ಕೇಳಿದ್ರು?" ಎಂದಳು. ಆಫೀಸಿನ ಯಾವ ಮೀಟಿಂಗಿನಲ್ಲೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಬೆಟ್ಟದ ಮೇಲೆ ಮೋಡ ಕಟ್ಟಿದೆಯಾ ನೋಡಿ ಬರುತ್ತೇನೆ ಎಂದು ಎದ್ದುಹೋದೆ.

ಈಗ ಬಾವಿಯ ವಿಷಯ. ನಮ್ಮ ತೋಟದ ಬಾವಿ ಏಳು ಪಾಲಿನದು. ದೊಡ್ಡಯ್ಯ, ಅಂದರೆ ಅಪ್ಪನ ಅಣ್ಣ, ಅವರದು ಮೂರು ಪಾಲು. ಚಿಕ್ಕಯ್ಯ, ಅಪ್ಪನ ತಮ್ಮ, ಅವರದು ಎರಡು. ಅಪ್ಪನದು ಎರಡು, ಅಪ್ಪ ಹೋದ ಮೇಲೆ ಅದು ಅವ್ವನ ಕೈಯಲ್ಲಿದೆ. ಬಾವಿ ಒಂದು, ಮೋಟಾರು ಒಂದು. ವಾರಕ್ಕೆ ಏಳು ದಿನ ಇಟ್ಟವನು ನಮ್ಮ ತಾತನನ್ನು ಕೇಳಿಯೇ ಇಟ್ಟಿರಬೇಕು: ಸೋಮ ಮಂಗಳ ಬುಧ ದೊಡ್ಡಯ್ಯನಿಗೆ, ಗುರು ಶುಕ್ರ ಚಿಕ್ಕಯ್ಯನಿಗೆ, ಶನಿ ಭಾನು ನಮಗೆ. ಎಷ್ಟೋ ವರ್ಷ ಹೀಗೇ ನಡೆಯಿತು. ಹೋದ ಬೇಸಿಗೆಯಲ್ಲಿ ಒಂದು ಬುಧವಾರ ಸಂಜೆ ಮೋಟಾರಿನ ಕಾಯಿಲ್ ಸುಟ್ಟಿತು. ತೇನಿಗೆ ಒಯ್ದು ಹೊಸ ಕಾಯಿಲ್ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಶನಿವಾರ. ಚಿಕ್ಕಯ್ಯನ ಎರಡು ದಿನವೂ ಹೋಯಿತು. "ಅಣ್ಣ ಮೂರ್ ದಿನ ಬಿಡದಂಗೆ ಓಡ್ಸಿ, ನನ್ ದಿನಕ್ಕೆ ಸುಟ್ಟು ಮಡಗವ್ರೆ" ಎಂದು ಚಿಕ್ಕಯ್ಯ ಬೀದಿಯಲ್ಲಿ ನಿಂತು ಹೇಳಿದರು. "ಮೋಟಾರ್‌ಗೆ ಕಿವಿ ಐತಾ, ಇವತ್ತು ಬುಧವಾರ ಅಂತ ನಾನ್ ಹೇಳ್ಕೊಡಾಕೆ?" ಎಂದರು ದೊಡ್ಡಯ್ಯ. ಇಷ್ಟೇ ಆಗಿದ್ದರೆ ಎಂಟು ದಿನ ಮುಖ ತಿರುಗಿಸಿಕೊಂಡು ಸುಮ್ಮನಾಗುತ್ತಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ. ನಾನೇ ಎದ್ದು ನಿಂತೆ.

ದಿನ ಹಂಚುವುದೇ ತಪ್ಪು, ದಿನಾ ಬರುವ ಕರೆಂಟನ್ನು ಹಂಚಬೇಕು ಎಂದು ಭಾಷಣ ಮಾಡಿದೆ. ನಮ್ಮ ಮೋಟಾರಿನ ಸ್ಟಾರ್ಟರಿಗೆ, ಫೋನಿನಿಂದಲೇ ಹಾಕಿ ಆರಿಸಲು, ಸಿಮ್ ಕಾರ್ಡ್ ಹಾಕುವ ಪೆಟ್ಟಿಗೆ ಮೊದಲೇ ಇತ್ತು. ಹಗಲಿನಲ್ಲಿ ಎಷ್ಟು ಗಂಟೆ ಕರೆಂಟು ಎಂದು ಹಾಕಿದರೆ, ಅದನ್ನು ಏಳು ಪಾಲು ಮಾಡಿ, ಸರದಿ ಮುಗಿದ ಕೂಡಲೇ ಅವರವರ ಫೋನಿಗೆ ಮೆಸೇಜು ಕಳಿಸುವ ಪ್ರೋಗ್ರಾಮು ಬರೆದೆ. ಮೆಸೇಜು ಬಂದವರು ತಮ್ಮ ವಾಲ್ವು ಮುಚ್ಚಬೇಕು, ಮುಂದಿನವರು ತಮ್ಮದು ತೆರೆಯಬೇಕು. ಅದರೊಳಗೆ ನನ್ನ ಎಪ್ಪತ್ತಾರು ಅಂಕಿಯನ್ನೇ ಕೂರಿಸಿದೆ. ಕೈಗಡಿಯಾರ ಸಾಕಾಗಿದ್ದ ಕೆಲಸ ಅದು, ಗೊತ್ತು. ಆದರೆ ಮನೆಯಲ್ಲಿ ಬುಲೆಟ್ ಇದ್ದವನು ಎದುರುಮನೆಗೂ ಅದರಲ್ಲೇ ಹೋಗುತ್ತಾನಲ್ಲ. ಎರಡು ವಾರ ಚೆನ್ನಾಗಿ ನಡೆಯಿತು. ಅಲ್ಲಿಗೆ ನಿಲ್ಲಿಸದೆ, ಮೂವರ ಪಾಲನ್ನೂ ಬಿಂದುವಿನ ಬಲಗಡೆ ಎಪ್ಪತ್ತಾರು ಅಂಕಿ ಬರುವಂತೆ ಅಚ್ಚು ಹಾಕಿಸಿ, ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಮೋಟಾರ್ ಶೆಡ್ಡಿನ ಗೋಡೆಗೆ ಹೊಡೆದೆ. "ಎಂದ ಊರ್ ಫೋನ್ ನಂಬರ್ ಸಾರ್ ಇದು?" ಎಂದು, ಯಾವ ಊರಿನ ಫೋನ್ ನಂಬರೆಂದು, ಅಂಗಡಿಯವನು ತಮಿಳಿನಲ್ಲಿ ಕೇಳಿದ. ಅವನ ಅಜ್ಞಾನಕ್ಕೆ ಮರುಗಿದೆ.

ಚಿಕ್ಕಯ್ಯ ನಿವೃತ್ತ ಲೆಕ್ಕದ ಮೇಷ್ಟ್ರು ಎಂಬುದನ್ನು ನಾನು ಮರೆಯಬಾರದಿತ್ತು. ಗೋಡೆಯ ಮೇಲೆ ಮೂರು ಸಂಖ್ಯೆ ಒಂದರ ಕೆಳಗೊಂದು ಕಂಡರೆ ಅವರಿಗೆ ಕೂಡಿಸದೆ ದಾಟಿ ಹೋಗಲು ಆಗುವುದಿಲ್ಲ. ಉದ್ದನೆಯ ನೋಟ್ ಪುಸ್ತಕ ತಂದು ಶೆಡ್ಡಿನ ಮುಂದೆ ಕುಳಿತು ಎಲ್ಲವನ್ನೂ ಇಳಿಸಿಕೊಂಡರು. ಮರುದಿನ ನಾನು ಮನೆಯಲ್ಲೇ ಆಫೀಸಿನ ಕೆಲಸಕ್ಕೆ ಕುಳಿತು ಮ್ಯಾನೇಜರ ಜೊತೆ ವಿಡಿಯೋ ಕಾಲಿನಲ್ಲಿದ್ದಾಗ ನೇರ ಒಳಗೆ ಬಂದರು.

"ತಂಬಿ, ನಿನ್ ಮಿಷಿನ್ನು ಅಣ್ಣನ ಕಡೆ ಸೇರ್ಕೊಂಡೈತೆ."

ಪುಸ್ತಕ ಬಿಚ್ಚಿ ಕೊನೆಯ ಅಂಕಿಯ ಮೇಲೆ ಬೆರಳಿಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೂರನ್ನು ಏಳರಿಂದ ಭಾಗಿಸಿದರೂ ಎರಡನ್ನು ಏಳರಿಂದ ಭಾಗಿಸಿದರೂ ಅದು ಎಂದಿಗೂ ಮುಗಿಯುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಬೇಕು. ಮುಂದಿನ ಅಂಕಿ ಐದು ಅಥವಾ ಹೆಚ್ಚಿದ್ದರೆ ಮೇಲಕ್ಕೆ ಏರಿಸು, ಕಡಿಮೆ ಇದ್ದರೆ ಬಿಟ್ಟುಬಿಡು ಎಂಬುದು ನಿಯಮ. ಎಪ್ಪತ್ತಾರರಲ್ಲಿ ಕತ್ತರಿಸಿದಾಗ ದೊಡ್ಡಯ್ಯನದು ಏರಿತ್ತು, ಚಿಕ್ಕಯ್ಯನದೂ ನಮ್ಮದೂ ಇಳಿದಿತ್ತು. "ಅದು ನಿಯಮ ಚಿಕ್ಕಯ್ಯ" ಎಂದೆ. "ನಂಗೇ ಹೇಳ್ಕೊಡ್ತೀಯಾ? ನಮ್ಮಿಬ್ರ ಬಾಲ ಕುಯ್ದು ಅಣ್ಣಂಗೆ ಕೊಂಬು ಮಡಗಿದ್ದೀಯ." ಭೂಮಿ ಹುಟ್ಟಿದಂದಿನಿಂದ ಈ ಮೋಟಾರು ಓಡಿದ್ದರೂ ಆ ವ್ಯತ್ಯಾಸಕ್ಕೆ ಒಂದು ಹನಿ ನೀರು ಬರುತ್ತಿರಲಿಲ್ಲ ಎಂದು ಅಂಗಲಾಚಿದೆ. "ಹನಿ ಲೆಕ್ಕ, ಹನಿ ಕಣಕ್ಕು ನಾನ್ ಕೇಳ್ಲಿಲ್ಲ. ನ್ಯಾಯ ಕೇಳ್ದೆ" ಎಂದು ಪುಸ್ತಕ ಮಡಚಿದರು. ಪರದೆಯ ಮೇಲೆ ಮ್ಯಾನೇಜರು ಭಾಷೆ ತಿಳಿಯದೆ, ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ದೊಡ್ಡಯ್ಯ ಒಳ್ಳೆಯವರು. ಮೊದಲು ಕೇಳಿದಾಗ, "ಅಷ್ಟೇ ತಾನೆ, ಅವ್ನೇ ಮಡಿಕ್ಕೊಳ್ಲಿ" ಎಂದರು. ಆದರೆ ಅಷ್ಟರಲ್ಲಿ ಚಹದ ಅಂಗಡಿಯಲ್ಲಿ "ಅಣ್ಣ ನೀರು ಕದ್ದ" ಎಂಬ ಮಾತು ಹುಟ್ಟಿ, ನಾಲ್ಕು ಮನೆ ಸುತ್ತಿ, ಅವರ ಕಿವಿಗೇ ಬಂತು. "ಕದ್ದೆ ಅಂದ್ನಾ? ಅಂಗಾದ್ರೆ ಅದು ನಂದೇ. ಮಿಷಿನ್ ಕೊಟ್ಟಿದ್ದು ನಂಗೆ. ಕೊಡಾಕಿಲ್ಲ!" ಎಂದು ಶೆಡ್ಡಿಗೆ ಬೀಗ ಹಾಕಿದರು. ಅದರ ಪಕ್ಕದಲ್ಲೇ ಚಿಕ್ಕಯ್ಯ ಇನ್ನೊಂದು ಬೀಗ ಹಾಕಿದರು. ಮೋಟಾರು ನಿಂತಿತು. ಮೂರು ಮನೆಯ ಬಾಳೆಯೂ ಆಗ ತಾನೇ ಗೊನೆ ಹಾಕುತ್ತಿತ್ತು. ಮೂರನೆಯ ದಿನಕ್ಕೆ ಎಲೆಗಳು ಜೋತುಬಿದ್ದವು. ಇನ್ನೊಂದು ವಾರ ಹೀಗೇ ಹೋದರೆ ಗಿಡ ಮಡಚಿಕೊಂಡು ಬೀಳುತ್ತದೆ, ಆಮೇಲೆ ಅಣ್ಣತಮ್ಮಂದಿರು ಒಬ್ಬರ ಸಾವಿಗೆ ಇನ್ನೊಬ್ಬರು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ರಜೆ ಹಾಕಿ ಪರಿಹಾರ ಹುಡುಕಿದೆ. ಏರಿಸುವುದೇ ಬೇಡ, ಎಲ್ಲರದನ್ನೂ ಕತ್ತರಿಸೋಣ ಎಂದೆ. ಆಗ ಕೊನೆಯ ಸ್ಥಾನದಲ್ಲಿ ಒಂದು ಮಿಗುತ್ತದೆ. "ಆ ಒಂದು ಯಾರ್ದು?" ಎಂದು ಇಬ್ಬರೂ ಬೇರೆ ಬೇರೆ ಮನೆಗಳಿಂದ ಒಂದೇ ಪ್ರಶ್ನೆ ಹೇಳಿಕಳಿಸಿದರು. ಆ ಒಂದನ್ನು ದಿನಕ್ಕೊಬ್ಬರಿಗೆ ಕೊಡೋಣ ಎಂದು ಯೋಚಿಸಿದೆ. ಆದರೆ ಸಮನಾಗಿ ಕೊಟ್ಟರೆ ದೊಡ್ಡಯ್ಯನ ಮೂರು ಪಾಲಿಗೆ ಅನ್ಯಾಯ. ಹಾಗಾಗಿ ಪಾಲಿನ ಪ್ರಕಾರವೇ ತಿರುಗಿಸುವ ಹೊಸ ನಿಯಮವನ್ನು ಇಡೀ ದಿನ ಕುಳಿತು ಬರೆದೆ. ಬರೆದು ಮುಗಿಸಿ ಓದಿಕೊಂಡರೆ: ಸೋಮ ಮಂಗಳ ಬುಧ ದೊಡ್ಡಯ್ಯನಿಗೆ, ಗುರು ಶುಕ್ರ ಚಿಕ್ಕಯ್ಯನಿಗೆ, ಶನಿ ಭಾನು ನಮಗೆ. ಕಂಪ್ಯೂಟರು ಮುಚ್ಚಿ ಮಲಗಿಬಿಟ್ಟೆ.

ಕಡೆಗೆ ಅವ್ವನೇ ಇಬ್ಬರನ್ನೂ ಬಾವಿಯ ಹತ್ತಿರ ಕರೆಸಿದಳು. ಬಾವಿಯ ಕಟ್ಟೆಯ ಆ ತುದಿಯಲ್ಲಿ ದೊಡ್ಡಯ್ಯ, ಈ ತುದಿಯಲ್ಲಿ ಚಿಕ್ಕಯ್ಯ, ನಡುವೆ ಅಪರಾಧಿ ನಾನು. ಚಿಕ್ಕಯ್ಯ ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿತ್ತು, "ಮೂರ್ನ ಏಳ್ರಿಂದ ಭಾಗ್ಸು. ಮಿಷಿನ್ ಇಲ್ದಂಗೆ" ಎಂದರು. ನಲವತ್ತು ದಾಟಿದ ನಾನು ಶೆಡ್ಡಿನ ಬಾಗಿಲ ಮೇಲೆ ಭಾಗಾಕಾರ ಹಾಕತೊಡಗಿದೆ. ಲೆಕ್ಕ ಬಂದರೆ ಚಿಕ್ಕಯ್ಯ ತಮಿಳಿಗೆ ಹೋಗಿಬಿಡುತ್ತಾರೆ. ಹಿಂದೆ ನಿಂತು "ಏಳ್ ನಾಲು ಇರುವತ್ತೆಟ್ಟು" ಎಂದು ಮಗ್ಗಿ ಹೇಳುತ್ತಿದ್ದರು. ನಾಲ್ಕು, ಎರಡು, ಎಂಟು, ಐದು, ಏಳು, ಒಂದು; ಮತ್ತೆ ನಾಲ್ಕು, ಎರಡು, ಎಂಟು. ಬಾಗಿಲು ಮುಗಿಯಿತು.

"ಎಲ್ಲಿ ನಿಲ್ಸ್ತೀಯ?"

"ಇದು ನಿಲ್ಲಲ್ಲ ಚಿಕ್ಕಯ್ಯ."

"ಮತ್ತೆ ಎಪ್ಪತ್ತಾರಕ್ಕೆ ಯಾಕ್ ನಿಲ್ಸ್ದೆ?"

"ಅಲ್ಲಿಗೆ ಜಾಗ ಮುಗೀತು."

ದೊಡ್ಡಯ್ಯ ಕೆಮ್ಮಿದರು. ಕೆಮ್ಮು ಎಂದುಕೊಂಡೆ; ನಗು. "ಜಾಗ ಮುಗೀತಂತೆ ಕಣಯ್ಯಾ ಮೇಷ್ಟ್ರೆ!" ಎಂದು ತಮ್ಮನ ಕಡೆ ತಿರುಗಿದರು. ಒಂಬತ್ತು ದಿನದಲ್ಲಿ ಅದು ಅವರು ತಮ್ಮನೊಡನೆ ಆಡಿದ ಮೊದಲ ಮಾತು. ಚಿಕ್ಕಯ್ಯ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವ್ವ ನಗಲಿಲ್ಲ. ಬಾವಿಯ ಪಕ್ಕದ ಕಲ್ಲಿನ ತೊಟ್ಟಿ ತೋರಿಸಿದಳು. ಒಣಗಿ, ತಳದಲ್ಲಿ ಎಲೆ ಬಿದ್ದಿತ್ತು. "ನಿನ್ ಕಣಕ್ಕು ಬರಾಕ್ ಮುಂಚೆ ಯಾರ್ ದಿನ ಆದ್ರೂ ಮೊದ್ಲು ಈ ತೊಟ್ಟಿ ತುಂಬ್ಸಿ ಆಮೇಲೆ ಅವರವರ ತ್ವಾಟಕ್ಕೆ ಬಿಡ್ತಿದ್ರು. ದನ ಕುಡೀತಿದ್ವು, ದಾರೀಲಿ ಹೋಗೋ ಆಡು ಕುಡೀತಿದ್ವು. ಇದ್ರ ಪಾಲು, ಇದ್ರ ಪಂಗು ಎಲ್ಲಿ ಬರ್ದಿದ್ದೀಯ?" ಎಲ್ಲೂ ಬರೆದಿರಲಿಲ್ಲ. ನನ್ನ ಮೆಸೇಜು ಶುರುವಾದ ಮೇಲೆ ತಮ್ಮ ಪಾಲಿನಿಂದ ಒಂದು ನಿಮಿಷ ಬಿಡಲು ಯಾರಿಗೂ ಮನಸ್ಸಾಗಿರಲಿಲ್ಲ, ನಮ್ಮ ಮನೆಯವರಿಗೂ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಅವ್ವ ಬೆರಳು ಮಡಚಿ ಹೇಳಿದಳು: "ಹತ್ತು ಗಂಟೆ ಕರೆಂಟು ಬಂದ್ರೆ ಬಾವಂಗೆ ನಾಲ್ಕೂ ಕಾಲು. ಮೇಷ್ಟ್ರಿಗೆ ಎರಡೂ ಮುಕ್ಕಾಲು, ನಮ್ಗೆ ಎರಡೂ ಮುಕ್ಕಾಲು. ಮಿಕ್ಕ ಕಾಲು ಗಂಟೆ ತೊಟ್ಟಿಗೆ." ಚಿಕ್ಕಯ್ಯ ಪುಸ್ತಕದ ಹಿಂಬದಿಯಲ್ಲಿ ಕೂಡಿಸಿ ನೋಡಿ, "ಸರಿಯಾ ಐತೆ ಅತ್ತಿಗೆ" ಎಂದರು. ಎರಡು ಬೀಗವೂ ಬಿಚ್ಚಿದವು. ಪೈಪಿನಿಂದ ನೀರು ತೊಟ್ಟಿಗೆ ಬಿದ್ದಾಗ ನನ್ನ ಕಣ್ಣಲ್ಲೂ ಸ್ವಲ್ಪ ಬಂತು. ಬಾಳೆ ಉಳಿಯಿತು.

ಈಗ ಅಣ್ಣತಮ್ಮಂದಿರು ದಿನಾ ಬೆಳಿಗ್ಗೆ ಬಾವಿಯ ಕಟ್ಟೆಯ ಮೇಲೆ ಒಟ್ಟಿಗೆ ಕೂರುತ್ತಾರೆ. ಇಷ್ಟು ಅನ್ಯೋನ್ಯತೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಅವರಿಬ್ಬರಿಗೂ ಒಪ್ಪಿಗೆಯಾಗುವ ಒಂದು ವಿಷಯ ಸಿಕ್ಕಿದೆ, ಅದು ನಾನು. "ಒಳ್ಳೆ ಹುಡ್ಗ, ಪಾವ, ಬಡಪಾಯಿ. ಭಾಗಾಕಾರ ಬರಾಕಿಲ್ಲ" ಎನ್ನುತ್ತಾರೆ ದೊಡ್ಡಯ್ಯ. "ಸಣ್ಣೋನಾಗಿದ್ದಾಗ್ಲೇ ನಂಗೆ ಡೌಟಿತ್ತು" ಎನ್ನುತ್ತಾರೆ ಚಿಕ್ಕಯ್ಯ. ಸುದ್ದಿ ಗೂಡಲೂರಿಗೂ ಮುಟ್ಟಿ, ಮಾವನವರು ಫೋನು ಮಾಡಿ ಮಗಳಿಗೆ ಧೈರ್ಯ ಹೇಳಿದರು. ಒಂದೆರಡು ಸಲ ವಾದಿಸಲು ಬಾಯಿ ತೆರೆದೆ. ಇಬ್ಬರೂ ಒಟ್ಟಿಗೆ ನಗುತ್ತಿರುವುದನ್ನು ಕಂಡು ಮುಚ್ಚಿಕೊಂಡೆ. ಕಳೆದ ತಿಂಗಳು ಕಂಪನಿಯವರು ನನಗೆ ಬಡ್ತಿ ಕೊಟ್ಟು, ಅಲ್ಲಿನ ಸಂಖ್ಯೆಗಳಿಗೆಲ್ಲ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಚಿಕ್ಕಯ್ಯ ಪ್ರಾಮಾಣಿಕ ಮನುಷ್ಯ. ತಿಳಿದರೆ, ಆ ಕಂಪನಿಯವರಿಗೆ ಮೋಸವಾಗಬಾರದೆಂದು ಒಂದು ಕಾಗದ ಬರೆದುಬಿಡುತ್ತಾರೆ.