ಹೊಯ್ಗೆಯಿಂದ ಎದ್ದ ಕೈ

"ಈ ಧನುರ್ಮಾಸ ಮುಗಿವದ್ರೊಳಗೆ ನಾನೊಂದ್ ಸಿನಿಮಾ ತೆಗಿತೆ! ಕುಂದಾಪುರದಿಂದ ಬೈಂದೂರ್ ತನಕ ಒಬ್ರೂ ಒಬ್ಬೊಬ್ರೇ ಹೊರಗ್ ಹೋಪುಕಾಗ, ಹಾಂಗಿದ್ದದ್!"

2005ರ ಡಿಸೆಂಬರಿನ ಒಂದು ಬೆಳಿಗ್ಗೆ ಯಡ್ತರೆಯ ಭೋಜರಾಜ ಹಲ್ಲುಜ್ಜುತ್ತ ಈ ಘೋರ ಪ್ರತಿಜ್ಞೆ ಮಾಡಿದ. ಬಾಯಿ ತುಂಬ ನೊರೆಯಿದ್ದ ಕಾರಣ ಹೆಂಡತಿ ಸರಸಳಿಗೆ ಅರ್ಧವಷ್ಟೇ ಕೇಳಿಸಿತು. ಅವಳು ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಬಸ್ಸು ಹಿಡಿಯುವ ಅವಸರದಲ್ಲಿದ್ದಳು.

"ಎಂತ ತೆಗಿತ್ರಿ? ಚರಂಡಿ ಹೂಳಾ? ತೆಗಿನಿ, ಒಂದ್ ತಿಂಗ್ಳಿಂದ ಹೇಳ್ತಾ ಇದ್ದೆ" ಎಂದವಳೇ ಬುತ್ತಿ ಎತ್ತಿಕೊಂಡು ಓಡಿದಳು.

ಭೋಜರಾಜ ಮದುವೆ ಫೋಟೊ, ವಿಡಿಯೊ ತೆಗೆಯುವವನು. ಬೈಂದೂರು ಪೇಟೆಯಲ್ಲಿ ಒಂದು ಕೋಣೆಯ ಸ್ಟುಡಿಯೊ, ಒಂದು ಫೋಟೊ ಕ್ಯಾಮೆರಾ, ಒಂದು ಹ್ಯಾಂಡಿಕ್ಯಾಮು, ಮನಸ್ಸು ಬಂದಾಗ ನಡೆಯುವ ಒಂದು ಕಂಪ್ಯೂಟರು. ಧನುರ್ಮಾಸದಲ್ಲಿ ಮದುವೆ ಇಲ್ಲ. ಆ ತಿಂಗಳಿಡೀ ಅವನು ಪಕ್ಕದ ಸಿ.ಡಿ. ಅಂಗಡಿಯಿಂದ ಜಾಂಬಿ ಸಿನಿಮಾ ತಂದು ನೋಡುತ್ತಿದ್ದ. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುವ ಸಿನಿಮಾಗಳು. ಅದರಲ್ಲೂ ದೊಡ್ಡ ನಟರಿಲ್ಲದ, ನೆಟ್ಟಗೊಂದು ದೀಪವೂ ಇಲ್ಲದ, ಕಡು ಬಡ ಜಾಂಬಿ ಸಿನಿಮಾಗಳೆಂದರೆ ಅವನಿಗೆ ಪ್ರಾಣ!

ಅವುಗಳ ಹುಳುಕು ಅವನಿಗೆ ಕಾಣದೆ ಇರಲಿಲ್ಲ. ಹೆಣದ ಕೈಯಲ್ಲಿ ವಾಚು ಇರುತ್ತಿತ್ತು. ಮೂರು ದಿನದ ಹಿಂದೆ ಸತ್ತವನ ಹೊಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ರಕ್ತಕ್ಕೆ ಕಿತ್ತಳೆ ಶರಬತ್ತಿನ ಬಣ್ಣ. ಸಾವಿರ ಹೆಣಗಳ ದಂಡು ಎಂದರೆ ಅದೇ ಆರು ಜನ. ಎಡದಿಂದ ಬಲಕ್ಕೆ ಹೋಗಿ, ಕ್ಯಾಮೆರಾದ ಹಿಂದಿನಿಂದ ಓಡಿ ಬಂದು, ಮತ್ತೆ ಎಡದಿಂದಲೇ ಬರುತ್ತಿದ್ದರು. ಭೋಜರಾಜ ಬಿದ್ದು ಬಿದ್ದು ನಗುತ್ತಿದ್ದ. ನಗುನಗುತ್ತಲೇ ಒಂದು ಕ್ಷಣ ಅವನ ಬೆನ್ನಲ್ಲಿ ಚಳಿ ಹುಟ್ಟುತ್ತಿತ್ತು. ಎದ್ದು ಬಂದದ್ದು ಭೂತವಲ್ಲ, ಪಿಶಾಚಿಯಲ್ಲ. ನಿನ್ನೆಯ ತನಕ ಪಕ್ಕದ ಮನೆಯಲ್ಲಿ ಇದ್ದವನು. ಮುಖ ಅದೇ, ಅಂಗಿ ಅದೇ. ಆದರೆ ಅವನಿಗೆ ನಿಮ್ಮ ಗುರುತಿಲ್ಲ! ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೇನು ಬೇಕು?

ಮೇಲಾಗಿ ಹೆಣಕ್ಕೆ ಮಾತಿಲ್ಲ, ಹಾಡಿಲ್ಲ, ಕುಣಿತವಿಲ್ಲ. ಕಾಲೆಳೆದುಕೊಂಡು ನಡೆದರೆ ನಟನೆ ಮುಗಿಯಿತು. "ಮದ್ವಿ ಮನಿ ಊಟಕ್ಕೆ ಕಾಯ್ತಾ ನಿಂತವ್ರ್ನ ಕಾಣ್ ಮಾರಾಯ" ಎಂದು ಅವನು ಗೆಳೆಯ ಪದ್ದುವಿಗೆ ಹೇಳುವುದಿತ್ತು, "ಅರ್ಧ ಜಾಂಬಿ ಅಲ್ಲೇ ಸಿಕ್ತ್!"

ಸಂಜೆ ಸರಸಳಿಗೆ ವಿಷಯ ಪೂರ್ತಿ ತಿಳಿಯಿತು. ಅಕ್ಕಿಹಿಟ್ಟಿನ ಡಬ್ಬ ಖಾಲಿಯಾಗಿತ್ತು.

"ಹಿಟ್ಟ್ ಎಲ್ಲಿ?"

"ಹೆಣಗಳ ಮುಖಕ್ಕೆ ಬೇಕ್. ಇದ್ ಜಾಂಬಿ ಸಿನಿಮಾ, ನಿಂಗ್ ಗೊತ್ತಾತಿಲ್ಲ."

"ನಂಗ್ ಗೊತ್ತಾತ್. ಅದ್ ಜಾಂಬಿ ಅಲ್ಲ, ನಿಮ್ಮ ಜಂಬ!"

ಚಿತ್ರೀಕರಣ ಭಾನುವಾರ, ಮರವಂತೆಯ ಕಡಲ ಬದಿಯಲ್ಲಿ. ದೀಪದ ಖರ್ಚಿಲ್ಲ, ಸೂರ್ಯ ಪುಕ್ಕಟೆ. ಹೀಗಾಗಿ ಭೋಜರಾಜನ ಹೆಣಗಳು ಹಗಲು ಹನ್ನೊಂದು ಗಂಟೆಗೆ, ಊರೆಲ್ಲ ನೋಡುತ್ತಿರುವಾಗ, ಸಮುದ್ರದಿಂದ ಎದ್ದು ಬರುವುದೆಂದು ತೀರ್ಮಾನವಾಯಿತು. ಮುಖ್ಯ ಹೆಣ ಪದ್ದು, ಮೊಪೆಡ್ಡಿನಲ್ಲಿ ಮೀನು ಮಾರುವವನು. ಎರಡನೆಯ ಹೆಣ ಕಿಟ್ಟ, ರಿಕ್ಷಾ ಓಡಿಸುವವನು. ಉಳಿದವರು ಅವನ ರಿಕ್ಷಾದಲ್ಲಿ ಹಿಡಿಸಿದಷ್ಟು ಜನ. ಮುಖಕ್ಕೆ ಅಕ್ಕಿಹಿಟ್ಟು, ಮಸಿ, ಅರಸಿನ. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕಲಸಿದ ಕುಂಕುಮ.

ಮೊದಲ ಹೆಣ ನೀರಿನಿಂದ ಎದ್ದಿತು. ಎದ್ದದ್ದು ಹೆಣವಲ್ಲ, ಮುಖ ತೊಳೆದುಕೊಂಡ ಪದ್ದು! ಹಿಟ್ಟೆಲ್ಲ ಕಡಲಿನ ಪಾಲಾಗಿತ್ತು. ಮತ್ತೆ ಬಳಿದರು. ಈ ಸಲ ಪದ್ದು ದಡದ ಮೇಲೇ ನಿಂತು ಬಾಯಿ ಸೊಟ್ಟ ಮಾಡಿ, ಕಾಲೆಳೆಯುತ್ತ ಭಯಂಕರವಾಗಿ ನಡೆದ. ಅಷ್ಟರಲ್ಲಿ ಹೆದ್ದಾರಿಯಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಒಂದು ಹೆಂಗಸಿನ ದನಿ ಬಂತು.

"ಹ್ವಾಯ್ ಪದ್ದು! ನಾಳಿಗೆ ಬಂಗ್ಡೆ ಇತ್ತಾ?"

"ಇತ್ತ್ ಅಕ್ಕ, ಎಂಟ್ ಗಂಟಿಗ್ ಬತ್ತೆ!" ಎಂದಿತು ಹೆಣ.

"ಕಟ್!" ಎಂದು ಭೋಜರಾಜ ಕಿರುಚಿದ. "ಸತ್ತವ್ನ್ ಮೀನ್ ಮಾರ್ತ್ನಾ?"

"ಸತ್ರೂ ಗಿರಾಕಿ ಬಿಡುಕಾತ್ತಾ ಮಾರಾಯ?"

ಇನ್ನು ಉಳಿದದ್ದು ಸಿನಿಮಾದ ಜೀವಾಳ. ಕಡಲ ದಂಡೆಯ ಮರಳು, ಬರಿದಾದ ಹೊಯ್ಗೆ. ಸದ್ದಿಲ್ಲ. ಅದರೊಳಗಿಂದ ನಿಧಾನವಾಗಿ ಒಂದು ಕೈ ಮೇಲೆದ್ದು ಬರಬೇಕು. ಕಿಟ್ಟನನ್ನು ಮಲಗಿಸಿ, ಮುಖದ ಮೇಲೆ ಬುಟ್ಟಿ ಮುಚ್ಚಿ, ಮೇಲೆ ಹೊಯ್ಗೆ ಸುರಿದರು. ಭೋಜರಾಜ ಕ್ಯಾಮೆರಾ ಹಿಡಿದು ಮೊಣಕಾಲೂರಿದ. ಎಲ್ಲರೂ ಉಸಿರು ಬಿಗಿಹಿಡಿದರು. ಆದರೆ ಬೆಲ್ಲದ ರಕ್ತದ ವಾಸನೆ ಮರವಂತೆಯ ಇರುವೆಗಳಿಗೆ ಅಷ್ಟು ಹೊತ್ತಿಗೆ ತಲುಪಿಯಾಗಿತ್ತು. "ಅಯ್ಯಯ್ಯಮ್ಮಾ!" ಎನ್ನುತ್ತ ಹೆಣ ಬುಟ್ಟಿ ಸಮೇತ ಹಾರಿ ಎದ್ದು, ಹೆದ್ದಾರಿ ದಾಟಿ, ಆಚೆಯ ಹೊಳೆಗೆ ಹೋಗಿ ಬಿತ್ತು. ಇನ್ನು ಆ ಹೊಯ್ಗೆಯೊಳಗೆ ಮಲಗುವವರು ಯಾರೂ ಉಳಿಯಲಿಲ್ಲ.

ಅದೇ ಹೊತ್ತಿಗೆ ಸರಸ ಎಲ್ಲರಿಗೂ ಗಂಜಿ, ಚಟ್ನಿ ಹೊತ್ತುಕೊಂಡು ಬಂದಳು. ಅವಳಿಗೆ ವಾರದಲ್ಲಿ ಅದೊಂದೇ ರಜೆ. ಪಾತ್ರೆ ಇಳಿಸುವಾಗ ಅವಳ ಬಲಗೈಯ ಮೇಲೆ ಬಿಸಿಲು ಬಿತ್ತು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೆರಳ ತುದಿಗಳು ಕರ್ರಗಾಗಿದ್ದವು. ಅಂಗೈ ಸುಲಿದು, ಒಣಗಿ, ಮತ್ತೆ ಸುಲಿದಿತ್ತು. ಉಗುರಿನ ಸುತ್ತ ಬಿರುಕು. ನೆಂಟರ ಮನೆಗೆ ಹೋದರೆ ಅವಳು ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಳ್ಳುತ್ತಿದ್ದಳು.

ಭೋಜರಾಜನ ಕಣ್ಣು ಅರಳಿತು.

"ಸರಸ, ನೀ ಬಾ! ಮಲ್ಕಂಬುದ್ ಬ್ಯಾಡ, ಬದಿಗ್ ಕೂಕಂಡ್ ಕೈ ಒಂದ್ ಹುಗ್ದ್ ಇಟ್ರೆ ಸಾಕ್."

"ನನ್ ಕೈ ಬ್ಯಾಡ."

"ಒಂದೇ ನಿಮಿಷ. ಮೇಕಪ್ ಸೈತ ಬ್ಯಾಡ, ಹೀಂಗೇ ಲಾಯ್ಕ್ ಇತ್ತ್!"

ಅವಳು ಗಂಡನ ಮುಖ ನೋಡಿದಳು. ಅವನು ಬೆಳಕು ನೋಡುತ್ತಿದ್ದ. ಸರಸ ಕುಳಿತು ಹೊಯ್ಗೆಯೊಳಗೆ ಕೈ ಹುಗಿದಳು. ಕೈ ಮೆಲ್ಲಗೆ ಮೇಲೆದ್ದಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. "ಒಂದೇ ಸಲಕ್ಕೆ ಓಕೆ!" ಎಂದು ಭೋಜರಾಜ ಕುಣಿದ. ಅವಳು ರಸ್ತೆ ದಾಟಿ ಹೊಳೆಗಿಳಿದು ಬಹಳ ಹೊತ್ತು ಕೈ ತೊಳೆದಳು. ಆಮೇಲೆ ಒಂದು ವಾರ ಮನೆಯಲ್ಲಿ ಲೆಕ್ಕದಷ್ಟೇ ಮಾತು. ಹಿಟ್ಟು ಖಾಲಿ ಮಾಡಿದ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡ ಭೋಜರಾಜ ಎರಡು ಸೇರು ಅಕ್ಕಿ ಬೀಸಿಸಿ ತಂದಿಟ್ಟ!

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಯುವಕ ಮಂಡಲದ ಕಟ್ಟಡದಲ್ಲಿ ಸಿನಿಮಾ ಬಿಡುಗಡೆ. ಕಿಟಕಿಗಳಿಗೆ ಟಾರ್ಪಾಲು, ಎದುರಿಗೆ ದೊಡ್ಡ ಟಿ.ವಿ. ಮುಖ್ಯ ಅತಿಥಿ ಬ್ರಹ್ಮಾವರದ ಸೀತು, ಮೂವತ್ತು ವರ್ಷದಿಂದ ನಾಟಕದವರ ಮುಖಕ್ಕೆ ಬಣ್ಣ ಹಚ್ಚುತ್ತ ಬಂದವರು. ಊರವರು ಅವರನ್ನು ಸೀತಣ್ಣ ಎಂದೇ ಕರೆಯುತ್ತಿದ್ದರು.

ಪದ್ದು ಎದ್ದು ಬಂದಾಗ ಜನ ನಕ್ಕರು. ಕಿಟ್ಟ ಕಚ್ಚಿದಾಗ ಚಪ್ಪಾಳೆ ತಟ್ಟಿ ನಕ್ಕರು. ಹಲ್ಲಿನಲ್ಲಿ ಬೆಲ್ಲ ಅಂಟಿ ಅವನಿಗೆ ಕಚ್ಚಿದ್ದನ್ನು ಬಿಡಲಾಗಿರಲಿಲ್ಲ. ಭೋಜರಾಜ ಗೋಡೆಗೆ ಒರಗಿ ಬೆವರುತ್ತಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಬರಿದಾದ ಹೊಯ್ಗೆ ಬಂತು. ಕೈ ಮೇಲೆದ್ದಿತು.

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಒಂದು ಮಗು ಅಳತೊಡಗಿತು. ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡರು.

ಸಿನಿಮಾ ಮುಗಿದದ್ದೇ ಸೀತಣ್ಣ ಎದ್ದು ಬಂದರು. "ಭೋಜರಾಜ್ರೆ, ಬಾಕಿದ್ದೆಲ್ಲ ಇರ್ಲಿ. ಆ ಕೈಗೆ ಬಣ್ಣ ಯಾರ್ ಮಾಡಿದ್? ನಂಗೆ ಮೂವತ್ ವರ್ಷದೊಳಗೆ ಹಾಂಗೆ ಮಾಡುಕಾಯ್ಲ."

ಭೋಜರಾಜನ ಎದೆ ಎರಡು ಅಂಗುಲ ಉಬ್ಬಿತು. "ನಾನೇ!"

"ಎಷ್ಟ್ ಹೊತ್ ಹಿಡಿತ್?"

"ಮೂರ್ ಗಂಟಿ ಕೂಕಂಡ್ ಮಾಡ್ದೆ."

"ಎಂತ ಹಾಕಿದ್ರಿ? ಮೇಣವಾ?"

"ಮೇಣ... ಮತ್ತ್ ಸ್ವಲ್ಪ ಹಲಸಿನ ಅಂಟ್. ಅದ್ ನಮ್ ಕೈಚಳಕ ಸೀತಣ್ಣ, ಹೇಳ್ರೆ ಬಪ್ಪುದಲ್ಲ."

"ಹಾಂಗಾರೆ ಬಪ್ಪು ತಿಂಗ್ಳ್ ನಮ್ ನಾಟಕಕ್ ನೀವೇ ಬರ್ಕ್!"

"ಬತ್ತೆ, ಬತ್ತೆ! ಅದಕ್ಕೆಂತ!"

ಅಷ್ಟು ಹೊತ್ತಿಗೆ ಒಂದು ಕೈ ಚಾದ ಲೋಟವನ್ನು ಅವರಿಬ್ಬರ ನಡುವೆ ಚಾಚಿತು. ಸೀತಣ್ಣ ಲೋಟಕ್ಕೆ ಕೈ ಒಡ್ಡಿದವರು ಹಾಗೆಯೇ ನಿಂತರು. ಆ ಬೆರಳುಗಳನ್ನೇ ನೋಡಿದರು. ಆಮೇಲೆ ಸರಸಳ ಮುಖ ನೋಡಿದರು.

"ಮೂರ್ ಗಂಟಿ ಅಲ್ಲ ಸೀತಣ್ಣ" ಎಂದಳು ಸರಸ. ದನಿಯಲ್ಲಿ ಸಿಟ್ಟಿರಲಿಲ್ಲ. "ಹನ್ನೊಂದ್ ವರ್ಷ ಹಿಡಿತ್. ಬಣ್ಣ ಮಾಡಿದ್ ಇವ್ರಲ್ಲ, ಗೇರುಬೀಜ. ಚಾ ಕುಡಿನಿ, ತಣಿತ್."

ಪದ್ದು ತನ್ನ ಚಪ್ಪಲಿ ನೋಡುತ್ತ ನಿಂತ. ಸೀತಣ್ಣ ಎರಡೂ ಕೈಯಲ್ಲಿ ಲೋಟ ಇಸಿದುಕೊಂಡು ತಲೆ ತಗ್ಗಿಸಿದರು. ಭೋಜರಾಜನಿಗೆ ಅಲ್ಲೇ ಹೊಯ್ಗೆಯಿದ್ದಿದ್ದರೆ ಬುಟ್ಟಿ ಮುಚ್ಚಿಕೊಂಡು ಮಲಗುವ ಹಾಗಾಯಿತು. ಮದುವೆ ಇಲ್ಲದ ತಿಂಗಳುಗಳಲ್ಲಿ ತಾನು ಕಾಲು ಚಾಚಿ ಹೆಣಗಳ ಹುಳುಕು ಹುಡುಕುತ್ತಿದ್ದಾಗ ಮನೆಯ ಒಲೆ ಉರಿದದ್ದು ಆ ಕೈಯಿಂದ. ದಿನಾ ಅನ್ನ ಬಡಿಸಿದ ಕೈ. ಅವನಿಗೆ ಅದು ಕಂಡದ್ದು ಕ್ಯಾಮೆರಾ ಹಿಡಿದಾಗ ಮಾತ್ರ. ಆಗಲೂ ಹೆಣದ ಕೈಯಾಗಿ!

ಮನೆಗೆ ಬಂದ ಮೇಲೆ ಭೋಜರಾಜ ಜಗಲಿಯಲ್ಲಿ ಹೆಂಡತಿಯ ಪಕ್ಕ ಕುಳಿತ.

"ತಪ್ಪಾಯ್ತ್ ಸರಸ. ಸಿನಿಮಾದ ಕೊನಿಗೆ ನಿನ್ ಹೆಸ್ರ್ ಹಾಕ್ತೆ. ದೊಡ್ಡ ಅಕ್ಷರದಂಗೆ."

"ಸತ್ತವ್ರ ಸಾಲಿನೊಳಗ್ ನನ್ ಹೆಸ್ರ್ ಬ್ಯಾಡ" ಎಂದಳು ಅವಳು. "ಊರವ್ರದ್ದೆಲ್ಲ ತೆಗಿತ್ರಿ. ಬದ್ಕಿಪ್ಪ ಹೊತ್ತಿಗೆ ನಂದೊಂದ್ ಫೋಟೊ ತೆಗಿನಿ. ಕೈ ಸಮೇತ."

ಮರುದಿನ ಬೆಳಿಗ್ಗೆ, ಅವಳ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಸರಸ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಳು. ಎರಡೂ ಕೈಗಳನ್ನು ಮಡಿಲ ಮೇಲೆ ಬಿಡಿಸಿ ಇಟ್ಟುಕೊಂಡಳು. ಭೋಜರಾಜ ಕ್ಯಾಮೆರಾ ಎತ್ತಿದ. ಸಾವಿರ ಮದುಮಕ್ಕಳಿಗೆ "ಸ್ವಲ್ಪ ನಗಿ, ಸ್ವಲ್ಪ ಈಚಿಗೆ ಕಾಣಿ" ಎಂದು ಹೇಳುತ್ತ ಬಂದವನು ಆ ಕೈಗಳನ್ನೇ ನೋಡುತ್ತ ನಿಂತ. ಬೆರಳು ಗುಂಡಿಯ ಮೇಲೆ ಹಾಗೆಯೇ ಮರಗಟ್ಟಿತು.

ಒಂದು ನಿಮಿಷ ಕಾದು ಸರಸ ಕುಳಿತಲ್ಲಿಂದಲೇ ಗದರಿದಳು.

"ಹ್ವಾಯ್, ಎಂತ ಹೆಣದ ಹಾಂಗೆ ನಿಂತ್ಕಂಡ್ರಿ? ಒತ್ತಿ! ಬಸ್ಸಿಗ್ ಹೊತ್ತಾಯ್ತ್!"