ಅಣ್ಣಾಸಾಹೇಬರ ಹುಲ್ಲಿಗೆ ನಾನು ಮಾಡಿದ ಉಪಚಾರ

ಹುಲ್ಲು ಬೆಳೆಸುವುದರಲ್ಲಿ ಕಷ್ಟವೇನಿದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಲಬುರ್ಗಿ ಕಡೆಯ ರೈತನ ಮಗ ನಾನು. ನಮ್ಮ ಹೊಲದಲ್ಲಿ ಬೇಡವೆಂದರೂ ಬರುತ್ತಿದ್ದ ಬೆಳೆ ಅದೊಂದೇ.

ಆಗ ನಾವು ನಾಶಿಕದಲ್ಲಿದ್ದೆವು. ಅದಕ್ಕೂ ಮೊದಲು ಒಂಬತ್ತು ವರ್ಷ ಮನ್ಮಾಡಿನಲ್ಲಿ, ರೈಲ್ವೆ ಯಾರ್ಡಿನ ಎದುರಿನ ಒಂದೇ ಖೋಲಿಯಲ್ಲಿ ಸಂಸಾರ ಮಾಡಿದ್ದೆವು. ನನ್ನ ಹೆಂಡತಿ ಮಹಾದೇವಿ ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಇಂಜಿನ್ನಿನ ಹೊಗೆಗೆ ಮತ್ತೆ ಕಪ್ಪಾಗುತ್ತಿತ್ತು. ನಾಶಿಕಕ್ಕೆ ವರ್ಗವಾಗಿ ಅಣ್ಣಾಸಾಹೇಬರ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿದ ಮೊದಲ ದಿನ ಅವಳು ನನ್ನ ಧೋತರ ಒಣಹಾಕಿ, ಸಂಜೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಅದು ಬೆಳ್ಳಗೇ ಇತ್ತು. ಈ ಮನೆಯನ್ನು ಇವಳಿಂದ ಕಿತ್ತುಕೊಳ್ಳುವಂತಾಗಬಾರದು ಎಂದು ನನಗೆ ನಿಜವಾಗಿಯೂ ಅನಿಸಿತು.

ಅಣ್ಣಾಸಾಹೇಬರು ನಿವೃತ್ತ ಹೆಡ್‌ಮಾಸ್ತರರು, ಒಂಟಿ ಮನುಷ್ಯ. ಅವರ ಷರತ್ತು ಒಂದೇ. ಮನೆಯ ಮುಂದಿನ ಹುಲ್ಲುಹಾಸನ್ನು ಅವರು ಹನ್ನೆರಡು ವರ್ಷ ಕೈಯಾರೆ ಬೆಳೆಸಿದ್ದರು. ಅದು ಕೆಟ್ಟರೆ ನಾವು ಮನೆ ಖಾಲಿ ಮಾಡಬೇಕು. ವೈಶಾಖದಲ್ಲಿ ಸಟಾಣಾದ ಮಗಳ ಮನೆಗೆ ಹೊರಟಾಗ, "ಚೌತಿಗೆ ಬರುತ್ತೇನೆ. ಹುಲ್ಲು ನಿಮ್ಮ ಕೈಯಲ್ಲಿದೆ," ಎಂದು ಮರಾಠಿಯಲ್ಲಿ ಹೇಳಿದರು. ಆ ಕೈ ಎಂಥದ್ದೆಂದು ಪಾಪ ಅವರಿಗೆ ಗೊತ್ತಿರಲಿಲ್ಲ.

ಅವರು ಹೋದ ಮರುವಾರವೇ ಮಹಾದೇವಿ ಶಾವಿಗೆ, ಸಂಡಿಗೆಗೆ ಕೈಹಚ್ಚಿದಳು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಒಣಗಿಸಿ ಡಬ್ಬಿ ತುಂಬಿಡದಿದ್ದರೆ ನಮ್ಮ ಕಡೆಯ ಹೆಂಗಸರಿಗೆ ನಿದ್ದೆ ಬರುವುದಿಲ್ಲ.

"ಎಲ್ಲಾ ಮಾಳಿಗಿ ಮ್ಯಾಲ ಒಯ್ದು ಹಾಕ್ರಿ," ಅಂದಳು.

ಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು. ಅವನ್ನು ಒಮ್ಮೆ ಕೆಳಗಿನಿಂದ ನೋಡಿದೆ. "ಇಲ್ಲೇ ಹುಲ್ಲಿನ ಮ್ಯಾಲ ಎರಡು ತಾಡಪತ್ರಿ ಹಾಸಿದ್ರ ಆಯ್ತು. ಧೂಳಿಲ್ಲ, ಮಣ್ಣಿಲ್ಲ," ಅಂದೆ.

"ಹುಲ್ಲಿಗಿ ಏನಾರ ಆದ್ರ?"

"ಹುಲ್ಲಿಗಿ ಏನಾಗ್ತದ? ನಾ ಇದ್ದೀನಲ್ಲ."

ಮೂರು ವಾರದ ಮೇಲೆ ತಾಡಪತ್ರಿ ಎತ್ತಿದೆವು. ಶಾವಿಗೆ ಬಹಳ ಚೆನ್ನಾಗಿ ಒಣಗಿತ್ತು. ಹುಲ್ಲು ಅದಕ್ಕಿಂತ ಚೆನ್ನಾಗಿ ಒಣಗಿತ್ತು. ಹಸಿರಿನ ನಡುವೆ ಎರಡು ಬೋಳು ಜಾಗಗಳು ಬಾಯಿಬಿಟ್ಟುಕೊಂಡಿದ್ದವು.

ಮಹಾದೇವಿ ಬೈಯಲಿಲ್ಲ. "ಮತ್ತ ಮನ್ಮಾಡ ಖೋಲಿಗಿ ಹೋಗೋದು ಬ್ಯಾಡ್ರಿ," ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆ ಕ್ಷಣವೇ ನಾನು ದುರಸ್ತಿಯ ಕಾರ್ಯವನ್ನು ಅಧಿಕೃತವಾಗಿ ಕೈಗೆತ್ತಿಕೊಂಡೆ. ನಮ್ಮಪ್ಪ ಜೋಳದ ಹೊಲಕ್ಕೆ ಕುರಿ ಗೊಬ್ಬರ ಹಾಕುತ್ತಿದ್ದ. ಆಗ ಊರಾಚೆ ಕುರಿ ಹಿಂಡು ತಂಗಿತ್ತು. ಎರಡು ಬುಟ್ಟಿ ಹಸಿ ಹಿಕ್ಕೆ ಹೊತ್ತು ತಂದು, ಬೋಳು ಜಾಗಕ್ಕೂ ಅದರ ಸುತ್ತಲಿನ ಹುಲ್ಲಿಗೂ ಧಾರಾಳವಾಗಿ ಹರವಿ ನೀರು ಹಾಕಿದೆ. ಅಪ್ಪ ಅದನ್ನು ತಿಪ್ಪೆಯಲ್ಲಿ ಒಂದು ವರ್ಷ ಕೊಳೆಸಿ ಹಾಕುತ್ತಿದ್ದ ಎಂಬ ಸಣ್ಣ ಸಂಗತಿ ನನಗೆ ಎಂಟು ದಿನದ ಮೇಲೆ ನೆನಪಾಯಿತು. ಅಷ್ಟರಲ್ಲಿ ನಡುವೆ ಇದ್ದ ಹುಲ್ಲೂ ಸುಟ್ಟು, ಎರಡು ಬೋಳು ಜಾಗ ಸೇರಿ ಒಂದಾಗಿತ್ತು.

ಮುಂದೆ ಕಾಂಪೌಂಡಿನ ಅಂಚಿನಿಂದ ಹುಲ್ಲನ್ನು ಮಣ್ಣುಸಮೇತ ಕತ್ತರಿಸಿ ನಡುವೆ ಕೂಡಿಸಿದೆ. ನಡುವೆ ಇಟ್ಟದ್ದು ಬೇರು ಹಿಡಿಯದೆ ಸತ್ತಿತು. ಅಂಚು ಬೋಳಾಯಿತು.

"ಇನ್ನ ಬಿಡ್ರಿ. ಅದರ ಪಾಡಿಗಿ ಅದನ್ನ ಬಿಡ್ರಿ," ಎಂದು ಮಹಾದೇವಿ ಕೈಮುಗಿದಳು. ಆದರೆ ಜವಾಬ್ದಾರಿಯುಳ್ಳ ಗಂಡಸು ಅಷ್ಟಕ್ಕೆ ಬಿಡುತ್ತಾನೆಯೇ?

ಆಷಾಢದ ಮಳೆ ಶುರುವಾಯಿತು. ಗೋದಾವರಿಯ ದಂಡೆಯಿಂದ ಎರಡು ಚೀಲ ಗರಿಕೆ ತಂದು ನೆಟ್ಟೆ. ಗರಿಕೆ ನನ್ನನ್ನು ಲೆಕ್ಕಿಸದೆ ಬೇರು ಬಿಟ್ಟಿತು. ಶ್ರಾವಣ ಮುಗಿಯುವಷ್ಟರಲ್ಲಿ ಬೋಳು ಜಾಗವೆಲ್ಲ ಎಳೆ ಹಸಿರು. ಮಹಾದೇವಿ ಚಹಾದ ಕಪ್ಪು ಹಿಡಿದು ಅಲ್ಲೇ ನಿಂತು ಕುಡಿಯಲು ಶುರುಮಾಡಿದಳು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು.

ಚೌತಿಗೆ ಎರಡು ದಿನವಿದ್ದಾಗ ಪಕ್ಕದ ಮನೆಯ ಶಾಂತಾಬಾಯಿ ಬೇಲಿಯಾಚೆಯಿಂದ ಕೇಳಿದರು: "ಭಾವೋಜಿ, ಇದು ದೂರ್ವಾ ಅಲ್ಲವೇ?"

"ಹೌದು, ಸಾಕ್ಷಾತ್ ಗೋದಾವರಿ ದಂಡೆಯದು. ಗಣಪತಿಗೆ ಎಷ್ಟು ಬೇಕೋ ಅಷ್ಟು ಒಯ್ಯಿರಿ. ಬೇರೆಯವರಿಗೂ ಹೇಳಿ," ಎಂದೆ, ನನ್ನ ಮರಾಠಿಯಲ್ಲಿ, ಅತ್ಯಂತ ಸ್ಪಷ್ಟವಾಗಿ.

ಒಬ್ಬ ಗಣಪತಿಗೆ ಇಪ್ಪತ್ತೊಂದು ಗರಿಕೆಯ ಒಂದು ಕಟ್ಟು. ಅಂಥ ಇಪ್ಪತ್ತೊಂದು ಕಟ್ಟು ಬೇಕು. ನಮ್ಮ ಗಲ್ಲಿಯಲ್ಲಿ ಹದಿನಾಲ್ಕು ಮನೆ. ಚೌತಿಯ ಬೆಳಗ್ಗೆ ಹೆಂಗಸರೆಲ್ಲ ಮಡಿ ಸೀರೆಯುಟ್ಟು, ತಾಮ್ರದ ತಟ್ಟೆ ಹಿಡಿದು ಬಂದು, ನನ್ನನ್ನು ಬಾಯಿತುಂಬ ಹೊಗಳುತ್ತ ಸಾಲಾಗಿ ಕೂತು ಚಿವುಟಿದರು. ದೇವರ ಕೆಲಸಕ್ಕೆ ಬೇಡ ಅನ್ನುವುದು ಹೇಗೆ? ನಾನು ಮೆಟ್ಟಿಲ ಮೇಲೆ ನಿಂತು ನಗುತ್ತಲೇ ಇದ್ದೆ. ಕೊನೆಯ ತಟ್ಟೆ ಹೊರಗೆ ಹೋಗುವುದಕ್ಕೂ ಗೇಟಿನ ಮುಂದೆ ಅಣ್ಣಾಸಾಹೇಬರ ಟಾಂಗಾ ನಿಲ್ಲುವುದಕ್ಕೂ ಸರಿಹೋಯಿತು.

ಅವರು ಕೊಡೆ ಮಡಚಿ ಹುಲ್ಲಿನ ಸುತ್ತ ಒಂದು ಸುತ್ತು ಬಂದರು. ಮಹಾದೇವಿ ತನ್ನ ಮುರುಕು ಮರಾಠಿಯಲ್ಲಿ ತಾಡಪತ್ರಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದಳು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಣ್ಣಾಸಾಹೇಬರು ಬಗ್ಗಿ ಮಣ್ಣು ಕೆದಕಿದರು. "ಬೇರು ಜೀವಂತ ಇದೆ," ಎಂದರು. ಆಮೇಲೆ ಅವಳ ಕಡೆ ತಿರುಗಿ, "ನೀನು ಎಲ್ಲಿಗೂ ಹೋಗಬೇಡ ಮಗಳೇ. ಆದರೆ ಕರಾರಿಗೆ ಒಂದು ಮಾತು ಸೇರಿಸುತ್ತೇನೆ," ಎಂದರು.

ಆ ಮಾತನ್ನು ಮಧ್ಯಾಹ್ನ ಮೋದಕ ತಿಂದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಬಾಡಿಗೆದಾರಳ ಪತಿ ಹುಲ್ಲನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಕೆಳಗೆ ನಾನೇ ಸಹಿ ಹಾಕಿದೆ.

ಕರಾರನ್ನು ಅಕ್ಷರಶಃ ಪಾಲಿಸಿದೆ. ದಿನವೂ ಆಫೀಸಿನಿಂದ ಬಂದು ಮೆಟ್ಟಿಲ ಮೇಲೆ ಕೈಕಟ್ಟಿ ಕೂರುತ್ತಿದ್ದೆ. ಚಿವುಟಿದ ಗರಿಕೆ ಒಂದಕ್ಕೆರಡಾಗಿ ಚಿಗುರಿತು. ದೀಪಾವಳಿಯ ಹೊತ್ತಿಗೆ ಬೋಳು ಎಲ್ಲಿತ್ತೆಂದು ನನಗೇ ಗುರುತು ಸಿಗದಾಯಿತು. ಫರಾಳದ ತಿಂಡಿಗೆ ಬಂದ ನೆಂಟರಿಗೆಲ್ಲ ಅಣ್ಣಾಸಾಹೇಬರು ಹುಲ್ಲು ತೋರಿಸಿ, ಆಮೇಲೆ ನನ್ನನ್ನೂ ತೋರಿಸಿ ತುಂಬು ಹೃದಯದಿಂದ ಹೇಳುತ್ತಿದ್ದರು:

"ಎಲ್ಲಾ ಇವರ ಉಪಕಾರ. ಎರಡು ತಿಂಗಳು ಏನೂ ಮಾಡಲಿಲ್ಲ."