ಮೊದಲ ಬಿಲ್ಲಿನ ಉದ್ದ ಗೆರೆ

ಗೋವಾದ ಸಾಂಖಳಿಯ ನಮ್ಮ ಕಿರಾಣಿ ಸಗಟು ಅಂಗಡಿಗೆ ಬಿಲ್ಲಿನ ಸಾಫ್ಟ್‌ವೇರ್ ಬಂದಾಗಿನಿಂದ, ಗೋದಾಮು ನೋಡಿಕೊಳ್ಳುವ ನನಗೆ ದೇವರು ಒಂದಿಲ್ಲೊಂದು ಲೀಲೆ ತೋರಿಸುತ್ತಲೇ ಇದ್ದಾನೆ.

ತಾನಾಗಿ ಕಂಡದ್ದು

ದಿನಾ ಬೆಳಗಿನ ಮೊದಲ ಬಿಲ್ಲು ಅರ್ಧ ತಾಸು ಸಿಕ್ಕಿಕೊಳ್ಳುತ್ತಿತ್ತು. ಉಳಿದವು ಅದರ ಹಿಂದೆ ಸಾಲು ನಿಲ್ಲುತ್ತಿದ್ದವು. ಬೆಳಗಾವಿ ಕಡೆಯ ನಮ್ಮ ಸಾವಕಾರರು ಬಿಲ್ಲು ಮಾಡುವ ಅಕ್ಕನ ಮೇಲೆ ಹರಿಹಾಯ್ದರು: "ನಿನ್ನ ಕೈನ ಮೆಲ್ಲಕ. ಈ ವಾರದಾಗ ಸರಿ ಆಗಲಿಲ್ಲಂದ್ರ ಬ್ಯಾರೆಯವ್ರನ್ನ ನೋಡತೇನಿ." ಆಕೆಯ ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ.

ಪಣಜಿಯಿಂದ ಸಾಫ್ಟ್‌ವೇರ್ ಕಂಪನಿಯ ಮೇಡಂ ಬಂದರು, ಮೂಲ ಧಾರವಾಡದವರು, ನಮ್ಮ ಬಾಯಲ್ಲಿ ಬಾಯಾರು. ಬಿಲ್ಲಿನ ಜಾಡು ಹಿಡಿಯುವ ಟ್ರೇಸಿಂಗ್ ಎಂಬುದನ್ನು ಜೋಡಿಸಿದರು. ಬಿಲ್ಲು ಎಷ್ಟು ಹೊತ್ತು ನಿಂತಿತೋ ಅಷ್ಟು ಉದ್ದದ ಗೆರೆ ಪರದೆಯ ಮೇಲೆ ತಾನಾಗಿಯೇ ಮೂಡಿತು. ನಾನು ಕೈ ಮುಗಿದೆ.

"ಬಾಯಾರ, ನಾವು ಚಹಾಕ್ಕ ಹೋಗಿದ್ದೂ ಇದಕ್ಕ ಕಾಣತೈತೇನ್ರಿ?"

"ಇಲ್ಲ ಕಾಕಾ."

ಹಾಗಾದರೆ ಸರಿ ಎಂದು ಎಲ್ಲರಿಗೂ ಚಹಾ ಹೇಳಿದೆ.

ಹೆಸರಿಟ್ಟದ್ದು

ಗೆರೆಯೇನೋ ಬಂತು, ಆದರೆ ಒಂದೇ ಉದ್ದ ಗೆರೆ. ಸಾವಕಾರರು, "ನೋಡ್ರಿ, ಅಷ್ಟು ಹೊತ್ತು ಈಕಿ ಸುಮ್ನ ಕುಂತಾಳ" ಎಂದರು.

"ಹಂಗಲ್ರಿ," ಎಂದರು ಬಾಯಾರು. "ಬಿಲ್ಲು ಒಳಗ ಹೋಗಿದ್ದು, ಹೊರಗ ಬಂದಿದ್ದು ಅಷ್ಟ ಇದಕ್ಕ ತಾನಾಗಿ ತಿಳೀತದ. ನಡುವ ನಿಮ್ಮ ಅಂಗಡಿ ಕೆಲಸಕ್ಕ ನಾವ ಒಂದೊಂದು ಹೆಸರಿಟ್ಟು ಗುರ್ತು ಹಾಕಬೇಕು. ಕಾಕಾ, ಹೆಸರು ಹೇಳ್ರಿ."

"ಮೊದಲು ಗಣಪತಿ ಅಂತ ಹಾಕ್ರಿ."

"ಗಣಪತಿ ಇದರಾಗ ಯಾವ ಕೆಲಸ ಮಾಡತಾನ್ರಿ?"

"ಎಲ್ಲಾ ಕೆಲಸ ಅವನ ಮಾಡತಾನ್ರಿ."

"ಹಂಗಾದ್ರ ಮತ್ತ ಒಂದ ಗೆರಿ ಬರತೈತಿ, ಕಾಕಾ."

ಕೊನೆಗೆ ದರ ನೋಡುವುದು, ಮಾಲು ನೋಡುವುದು, ಗಿರಾಕಿಯ ಒಪ್ಪಿಗೆಗೆ ಕಾಯುವುದು ಎಂದು ಬರೆಸಿದೆ.

ಕಾದದ್ದು

ಮರುದಿನ ಬೆಳಿಗ್ಗೆ ಅಕ್ಕ ಸೆರಗು ಬಿಗಿಹಿಡಿದು ಮೊದಲ ಬಿಲ್ಲು ಒತ್ತಿದಳು. ದರಕ್ಕೆ ಚಿಟಿಕೆಯಷ್ಟು ಗೆರೆ. ಮಾಲಿಗೂ ಅಷ್ಟೇ. ಆಮೇಲೆ ಪರದೆಯ ಆ ತುದಿಗೆ ಮುಟ್ಟಿದ್ದು, ಗಿರಾಕಿಯ ಒಪ್ಪಿಗೆ.

"ಯಾರಿವ್ರು ಗಿರಾಕಿ?" ಬಾಯಾರು ಕೇಳಿದರು.

ಸಾವಕಾರರ ಮನೆಯ ಪದ್ಧತಿಯಂತೆ ದಿನದ ಮೊದಲ ಬಿಲ್ಲು ಕುಲದೇವರ ಹೆಸರಿಗೆ, ಒಂದು ತೆಂಗಿನಕಾಯಿ. ಗಿರಾಕಿ ಫೋನಿನಲ್ಲಿ ಹೂಂ ಎನ್ನುವ ತನಕ ಯಂತ್ರ ಕಾಯುತ್ತದೆ. ಅರ್ಧ ತಾಸಾದರೂ ಉತ್ತರ ಬರದಿದ್ದರೆ ಬಿಲ್ಲನ್ನು ತಾನೇ ಮುಂದಕ್ಕೆ ಬಿಡುತ್ತದೆ.

"ದೇವರ ಫೋನ್ ನಂಬರ್ ಏನು ಹಾಕೀರಿ?"

"ಖಾಲಿ ಬಿಟ್ಟೇನ್ರಿ," ಎಂದರು ಸಾವಕಾರರು. "ಅವರ ನಂಬರ್ ಕೊಡಾಕ ನಾವು ಯಾರ್ರಿ?"

ನಾನು ಮತ್ತೆ ಪರದೆಗೆ ಕೈ ಮುಗಿದೆ. ದೇವರಿಗೆ ಕೈ ಮುಗಿದ ಮೇಲೆ ನಾವು ಊದಿನಕಡ್ಡಿ ಆರುವಷ್ಟು ಹೊತ್ತೂ ನಿಲ್ಲುವುದಿಲ್ಲ. ಈ ಯಂತ್ರ ದೇವರ ಉತ್ತರಕ್ಕೆ ದಿನಾ ಅರ್ಧ ತಾಸು ಕಾದಿದೆ.

ಸಾವಕಾರರು ಗಂಟಲು ಸರಿಪಡಿಸಿಕೊಂಡು ಅಕ್ಕನಿಗೆ ಹೇಳಿದರು: "ದೇವರ ಹೆಸರಿಗೆ ನಿನ್ನ ನಂಬರ್ ಹಾಕು. ನಾಳಿಂದ ಅವರ ಪರವಾಗಿ ಹೂಂ ಅನ್ನೋ ಕೆಲಸಾನೂ ನಿಂದ."

ಆಕೆ ಸೆರಗು ಬಿಟ್ಟು ನಿಧಾನವಾಗಿ ಕುಳಿತಳು. "ಆಗಲ್ರಿ. ಆದ್ರ ನನ್ನ ಕೆಲಸದಿಂದ ತೆಗಿಯೋದಿದ್ರ, ಇನ್ನ ದೇವರ ಹೂಂ ನನ್ನ ಕಡೆನ ಅನ್ನಿಸ್ಕೋಬೇಕಾಗತೈತಿ, ಸಾವ್ಕಾರ್ರ."